ಹದಿನೆಂಟು ಇಂಚಿನ ಅತಿಥಿ

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಊರು ಕುಂದಾಪುರದ ಕಡೆ, ಕೆಲಸ ಸಾಫ್ಟ್‌ವೇರ್. ಶನಿವಾರ ಬಂತೆಂದರೆ ಗಾಳ ಹಿಡಿದು ಸ್ಯಾಕ್ರಮೆಂಟೊ ಡೆಲ್ಟಾಕ್ಕೆ ಹೊರಡುವವರು. ಪತ್ರದ ಸಾರ ಇಷ್ಟು: ‘ಇಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಮೀನಿದೆ. 18 ಇಂಚಿಗಿಂತ ಚಿಕ್ಕದು ಸಿಕ್ಕರೆ ವಾಪಸ್ ಬಿಡಬೇಕು. ದಿನಕ್ಕೆ ಎರಡೇ ಎರಡು. ಅದು ಇಲ್ಲಿನ ಮೂಲ ಮೀನುಗಳ ಮರಿ ತಿನ್ನುತ್ತದೆ, ಜಾಸ್ತಿ ಹಿಡಿಯಲು ಬಿಡಿ ಎಂದು ಕೆಲವರ ವಾದ. ನೂರೈವತ್ತು ವರ್ಷದಿಂದ ಇರುವ ಮೀನು ಇನ್ನೂ ಹೊರಗಿನದೇ? ಹಾಗೆ ನೋಡಿದರೆ ನಾನೂ ವಲಸೆ ಬಂದವನೇ ಅಲ್ವಾ?’

ಚೆನ್ನಾಗಿ ಬರೆಯುತ್ತೀರಿ ಸ್ವಾಮಿ. ಕೊನೆಯ ಸಾಲು ಓದಿ ನಮ್ಮ ಕಚೇರಿಯಲ್ಲಿ ಇಬ್ಬರು ತಲೆದೂಗಿದರು. ನಾನು ತೂಗಲಿಲ್ಲ. ನೀವು ವಲಸೆ ಹೋದವರು ನಿಜ. ಆದರೆ ಪಕ್ಕದ ಮನೆಯವರ ಮಕ್ಕಳನ್ನು ತಿನ್ನುವುದಿಲ್ಲವಲ್ಲ!

ಆ ಮೀನು ತಾನಾಗಿ ಈಜಿ ಬಂದದ್ದೂ ಅಲ್ಲ. 1879ರಲ್ಲಿ ನ್ಯೂಜೆರ್ಸಿಯ ನೇವ್‌ಸಿಂಕ್ ನದಿಯಲ್ಲಿ ಹಿಡಿದು, ರೈಲಿನಲ್ಲಿ ಇಡೀ ದೇಶ ದಾಟಿಸಿ, ಮಾರ್ಟಿನೆಜ್ ಊರಿನ ಹತ್ತಿರ ನೀರಿಗೆ ಬಿಟ್ಟರು. ಬಿಟ್ಟದ್ದು 132 ಮೀನು. ಮೂರು ವರ್ಷ ಬಿಟ್ಟು ಇನ್ನೊಂದು ಮುನ್ನೂರು. ಅಷ್ಟೇ. ಇಪ್ಪತ್ತು ವರ್ಷದೊಳಗೆ ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಮೀರಿ ಹಿಡಿದು ಮಾರುತ್ತಿದ್ದರು. 1935ರಲ್ಲಿ ಮಾರಾಟಕ್ಕೆ ಹಿಡಿಯುವುದನ್ನು ನಿಲ್ಲಿಸಿದರು. ಗಾಳದ ಮೋಜಿನವರಿಗೆ ಮಾತ್ರ ಉಳಿಸಿಕೊಂಡರು. ನೀವು ಹೇಳುವ 18 ಇಂಚು, ಎರಡು ಮೀನಿನ ಲೆಕ್ಕ 1982ರದ್ದು.

ಅದೇ ಡೆಲ್ಟಾದಲ್ಲಿ ಡೆಲ್ಟಾ ಸ್ಮೆಲ್ಟ್ ಎಂಬ ಬೆರಳುದ್ದದ ಮೀನಿದೆ. ‘ಇತ್ತು’ ಎನ್ನುವ ಹಂತಕ್ಕೆ ಬಂದಿದೆ. ಹೆಚ್ಚಿನವುಗಳ ಆಯಸ್ಸು ಒಂದೇ ವರ್ಷ. ಹೊಸದಾಗಿ ಹಿಡಿದಾಗ ಸೌತೆಕಾಯಿ ವಾಸನೆ ಬರುತ್ತದಂತೆ. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಈ ಬಡಪಾಯಿಗೆ ಅಳತೆಪಟ್ಟಿ ಹಿಡಿದು ಕಾಯುವ ಅಭಿಮಾನಿ ಬಳಗ ಹುಟ್ಟಲಿಲ್ಲ. ಗಾಳಕ್ಕೆ ಸಿಗದ ಮೀನಿಗೆ ಯಾರು ಸಂಘ ಕಟ್ಟುತ್ತಾರೆ ಹೇಳಿ.

ಇನ್ನೊಂದು ಪಕ್ಷದವರ ಮಾತನ್ನೂ ಹೇಳಿಬಿಡುತ್ತೇನೆ, ಆಮೇಲೆ ಮರೆತೆ ಎನ್ನಬೇಡಿ. ಡೆಲ್ಟಾದ ದಕ್ಷಿಣದಲ್ಲಿರುವ ದೊಡ್ಡ ಪಂಪುಗಳು ನೀರೆಳೆಯುವ ರಭಸಕ್ಕೆ ಕೆಲವು ಕವಲುಗಳು ಹಿಂದಕ್ಕೆ ಹರಿಯುತ್ತವೆ. ಅಣೆಕಟ್ಟುಗಳು ಬೇರೆ. ಮೂಲ ಮೀನುಗಳಿಗೆ ಕುತ್ತು ತಂದದ್ದು ಅವು, ಬಾಸ್ ಅಲ್ಲ ಎಂಬುದು ಗಾಳದವರ ವಾದ. ಸ್ಟ್ರೈಪ್ಡ್ ಬಾಸ್ ಕಾಯುವ ಈ ನಿಯಮದ ವಿರುದ್ಧ 2008ರಲ್ಲಿ ಕೋರ್ಟಿಗೆ ಹೋದವರ ಬೆನ್ನಿಗಿದ್ದದ್ದು ಆ ನೀರು ಬೇಕಾದ ದೊಡ್ಡ ಬೇಸಾಯಗಾರರೇ. ಸ್ಮೆಲ್ಟ್ ಮೇಲಿನ ಪ್ರೀತಿಗೆ ಹೋದರೆಂದು ನಾನೂ ನಂಬುವುದಿಲ್ಲ. ಒಪ್ಪಿದೆ. ಆದರೆ ಕಳ್ಳ ಇಬ್ಬರಿದ್ದರೆ ಒಬ್ಬನನ್ನು ಬಿಟ್ಟುಬಿಡುತ್ತೇವೆಯೇ?

2011ರಲ್ಲಿ ಆ ಮೊಕದ್ದಮೆ ರಾಜಿಯಾಯಿತು. ಕ್ಯಾಲಿಫೋರ್ನಿಯಾದ ಮೀನು ಇಲಾಖೆಯವರು 18 ಇಂಚನ್ನು 12ಕ್ಕೆ ಇಳಿಸಿ, ಎರಡನ್ನು ಆರು ಮಾಡೋಣ ಎಂದು ಪ್ರಸ್ತಾಪ ತಂದರು. ಗಾಳದವರು ಎದ್ದುನಿಂತರು. 2012ರ ಫೆಬ್ರವರಿಯಲ್ಲಿ, ಮೀನು ಹಿಡಿಯುವ ನಿಯಮ ಮಾಡುವ ಆಯೋಗ ಅದನ್ನು ತಳ್ಳಿಹಾಕಿತು.

ಈಗ ಅದೇ ದೇಶದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಿ. ಅಲ್ಲಿನ ದೊಡ್ಡ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಕಾಣಿಸಿತು. ಅದೂ ಆ ಸರೋವರದ್ದಲ್ಲ, ಅದೂ ಬೇಟೆಗಾರ. ಅಲ್ಲಿನ ಮೂಲನಿವಾಸಿ ಕಟ್‌ಥ್ರೋಟ್ ಟ್ರೌಟ್, ಗಂಟಲ ಕೆಳಗೆ ಕೊಯ್ದ ಹಾಗೆ ಕೆಂಪು ಗೆರೆ ಇರುವುದು. ಅದು ಮೊಟ್ಟೆ ಇಡಲು ಸಣ್ಣ ಹಳ್ಳಗಳಿಗೆ ಹತ್ತುತ್ತದೆ. ನಮ್ಮ ಮಲೆನಾಡಿನ ಹತ್ತುಮೀನಿನ ಹಾಗೆಯೇ. ಮುಂಗಾರಿನ ಮೊದಲ ದೊಡ್ಡ ಮಳೆಯ ರಾತ್ರಿ, ನಮ್ಮ ದೊಡ್ಡಪ್ಪ ಗದ್ದೆ ಬದುವಿನ ತೋಡಿಗೆ ಮೀನು ಹಿಡಿಯುವ ಕೂಣಿ ಒಡ್ಡಿ ಕಂಬಳಿಕೊಪ್ಪೆ ಹಾಕಿಕೊಂಡು ಕೂರುತ್ತಿದ್ದರು. ಟಾರ್ಚ್ ಹಿಡಿಯುವುದು ನನ್ನ ಕೆಲಸ. ಬೆಳಕು ಬಿದ್ದಲ್ಲಿ ಮೀನಿನ ಬೆನ್ನು ಮಿಂಚುತ್ತಿತ್ತು. ಯೆಲ್ಲೋಸ್ಟೋನಿನಲ್ಲಿ ಆ ಕೂಣಿಯ ಕೆಲಸ ಕರಡಿಯದ್ದು. ಡೇಗೆ, ನೀರುನಾಯಿಗಳಿಗೂ ಅದೇ ಹಬ್ಬ.

ಲೇಕ್ ಟ್ರೌಟ್ ಹಳ್ಳ ಹತ್ತುವುದಿಲ್ಲ. ಆಳದಲ್ಲೇ ಬದುಕು, ಸರೋವರದಲ್ಲೇ ಮೊಟ್ಟೆ. ಕರಡಿಗೆ ಅದು ಎಟುಕುವುದಿಲ್ಲ. ಕ್ಲಿಯರ್ ಕ್ರೀಕ್ ಎಂಬ ಒಂದೇ ಹಳ್ಳಕ್ಕೆ 1978ರಲ್ಲಿ 70 ಸಾವಿರಕ್ಕೂ ಹೆಚ್ಚು ಕಟ್‌ಥ್ರೋಟ್ ಹತ್ತಿದ್ದವು. 2007ರಲ್ಲಿ ಸುಮಾರು 500.

ಅಲ್ಲಿ ಇಂಚಿನ ಲೆಕ್ಕ ಹಿಡಿದು ಕೂರಲಿಲ್ಲ. ಆ ಸರೋವರದಲ್ಲಿ ಲೇಕ್ ಟ್ರೌಟ್ ಗಾಳಕ್ಕೆ ಸಿಕ್ಕಿದರೆ ಕೊಲ್ಲಲೇಬೇಕು. ಎಷ್ಟು ಬೇಕಾದರೂ ಹಿಡಿಯಬಹುದು. ತಿನ್ನದಿದ್ದರೆ ಅದರ ಗಾಳಿಚೀಲ ಚುಚ್ಚಿ ಆಳಕ್ಕೆ ಮುಳುಗಿಸಬೇಕು. ಕಟ್‌ಥ್ರೋಟ್ ಸಿಕ್ಕಿದರೆ ಜೀವಂತ ಬಿಡಬೇಕು. ಗಾಳದಿಂದಷ್ಟೇ ಆಗುವ ಕೆಲಸವಲ್ಲ ಎಂದು ಉದ್ದುದ್ದ ಬಲೆ ಹಾಕಿ ತೆಗೆದದ್ದು 40 ಲಕ್ಷಕ್ಕೂ ಜಾಸ್ತಿ. ಕಟ್‌ಥ್ರೋಟ್ ಈಗ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ. ಒಂದೇ ದೇಶ, ಎರಡೂ ತಂದು ಬಿಟ್ಟ ಮೀನು. ಒಂದನ್ನು ಕೊಲ್ಲದಿದ್ದರೆ ತಪ್ಪು, ಇನ್ನೊಂದನ್ನು 17 ಇಂಚಿಗೆ ಕೊಂದರೆ ತಪ್ಪು. ಇದು ನ್ಯಾಯವೇ, ನೀವೇ ಹೇಳಿ.

ನಿಮ್ಮನ್ನು ಬೈದು ನಮ್ಮವರನ್ನು ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಕಾವೇರಿಯ ಬಿಳಿಮೀನು ಗೊತ್ತಲ್ಲ, ಮಹಶೀರ್? ಅದರಲ್ಲಿ ಬೆನ್ನು ಉಬ್ಬಿದ, ಕೇಸರಿ ರೆಕ್ಕೆಯ ಜಾತಿ ಕಾವೇರಿಗೆ ಮಾತ್ರ ಸೇರಿದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು! 1970ರ ದಶಕದಲ್ಲಿ ಲೋನಾವಳದ ಮರಿ ಕೇಂದ್ರದಿಂದ ನೀಲಿ ರೆಕ್ಕೆಯ ಮಹಶೀರ್ ತಂದು ಕಾವೇರಿಗೆ ಬಿಟ್ಟರು. ಗಾಳದವರಿಗೆ ಮೀನು ಹೆಚ್ಚಲಿ ಎಂಬ ಒಳ್ಳೆಯ ಮನಸ್ಸು. ಆ ನೀಲಿ ಮೀನು ಕೃಷ್ಣಾ ಕೊಳ್ಳದ್ದು. ಬೇಟೆಗಾರನೇನಲ್ಲ, ಸುಮ್ನೆ ಜಾಗ ಹಿಡಿದುಕೊಂಡಿತು. ಕಾವೇರಿ ದಡದ ಗಾಲಿಬೋರೆಯ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಲ್ಲಿ ನೀಲಿ ಏರಿದ್ದೂ ಕೇಸರಿ ಇಳಿದದ್ದೂ ಕಾಣುತ್ತದೆ. 2018ರಲ್ಲಿ ಕೇಸರಿಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಹೆಸರಿಡುವುದಕ್ಕೂ ತಿಥಿ ಮಾಡುವುದಕ್ಕೂ ಒಟ್ಟಿಗೇ ಕರೆದ ಹಾಗಾಯಿತು.

ಹಿಂದೊಮ್ಮೆ ಭೀಮೇಶ್ವರಿಯಲ್ಲಿ ತೆಪ್ಪದಲ್ಲಿ ಕೂತಿದ್ದೆ. ತೆಪ್ಪದವನು ರಾಗಿ ಹಿಟ್ಟನ್ನು ಮುದ್ದೆ ಮಾಡಿ, ನಿಂಬೆಹಣ್ಣಿನಷ್ಟು ಗಾತ್ರದ್ದು ಗಾಳಕ್ಕೆ ಮೆತ್ತಿ ಎಸೆದ. ಮೀನು ಬಂತು. ಪಕ್ಕದಲ್ಲಿದ್ದ ಪ್ರವಾಸಿ ಫೋಟೊಕ್ಕೆ ನಿಂತ. ತೆಪ್ಪದವನು ರೆಕ್ಕೆ ಅಗಲಿಸಿ ನೋಡಿ, ‘ಇದೂ ನೀಲಿನೇ ಸಾರ್’ ಅಂದ. ಅವನ ಮುಖದಲ್ಲಿ ಖುಷಿ ಇರಲಿಲ್ಲ. ಪ್ರವಾಸಿಗೆ ಯಾವುದಾದರೇನು.

ನಮ್ಮಲ್ಲಿ ಈಗಲೂ ಕೆರೆ ತುಂಬಿದರೆ ಹಾರ ಹಾಕಿಸಿಕೊಂಡು ಮೀನುಮರಿ ಸುರಿಯುತ್ತಾರೆ. ಕಾಟ್ಲಾ, ರೋಹು, ಎಲ್ಲಾ ಗಂಗೆಯ ಕಡೆಯವು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು ಎಂದು ಆದೇಶವಿದೆ. ಆದರೂ ಕೋಳಿ ಅಂಗಡಿಯ ಕಸ ಸುರಿದು ಹೊಂಡಗಳಲ್ಲಿ ಸಾಕುತ್ತಾರೆ. ಮಳೆ ಬಂದು ಹೊಂಡ ಒಡೆದರೆ ಅದು ಕೆರೆಗೆ ಬಂತು. ಆಮೇಲೆ ಕೊರವ ಎಲ್ಲಿ, ಪಕ್ಕೆ ಎಲ್ಲಿ? ಈಗಿನ ಮಕ್ಕಳನ್ನು ಐದು ಊರಮೀನಿನ ಹೆಸರು ಕೇಳಿ ನೋಡಿ. ಅಕ್ವೇರಿಯಮ್ಮಿನ ಹೆಸರು ಹತ್ತು ಹೇಳುತ್ತಾರೆ.

ಎಲ್ಲಿಂದೆಲ್ಲಿಗೋ ಬಂದೆ. ನಿಮ್ಮ ಪತ್ರಕ್ಕೆ ಮರಳುತ್ತೇನೆ. ಕಾನೂನು ಇರುವವರೆಗೆ 17 ಇಂಚಿನದನ್ನು ಬಿಟ್ಟುಬಿಡಿ, ದಂಡ ಕಟ್ಟಿ ನನ್ನ ಹೆಸರು ಹೇಳಬೇಡಿ. ಆದರೆ ಆ ಆಯೋಗದ ಸಭೆಯಲ್ಲಿ ಸಾರ್ವಜನಿಕರು ಮಾತಾಡಬಹುದು. ಮುಂದಿನ ಸಲ ಈ ವಿಷಯ ಬಂದಾಗ ಒಂದು ಶನಿವಾರದ ಮೀನು ಬಿಟ್ಟು ಹೋಗಿ, ಸೌತೆಕಾಯಿ ವಾಸನೆಯ ಮೀನಿನ ಪರವಾಗಿ ಎರಡು ಮಾತಾಡಿ. ಮತ್ತೆ, ನಿಮ್ಮಾಕೆ ಕುಂದಾಪುರದ ಮಸಾಲೆ ಅರೆದು ಸ್ಟ್ರೈಪ್ಡ್ ಬಾಸ್ ಸಾರು ಮಾಡುತ್ತಾರೆಂದು ಬರೆದಿದ್ದೀರಿ. ಅದರ ಅಳತೆ ಕಳಿಸಿ. ಇಂಚಿನಲ್ಲಿ ಬೇಡ, ಚಮಚದಲ್ಲಿ.