ಸ್ಕೋಪ್ ಮೇಲೆ ರಸಮಟ್ಟ ಎಲ್ಲಿರಬೇಕು?

ಪ್ರಶ್ನೆ: ನನ್ನ ರೈಫಲ್‌ನ ಸ್ಕೋಪ್ (ಗುರಿ ನೋಡುವ ದುರ್ಬೀನು) ಟ್ಯೂಬು 30 ಮಿ.ಮೀ. ಅದಕ್ಕೆ ಯಾವ ರಸಮಟ್ಟ (ರೈಫಲ್ ವಾಲಿದೆಯೇ ಎಂದು ಗುಳ್ಳೆಯಿಂದ ತೋರಿಸುವ ಸಾಧನ) ಕೊಳ್ಳಲಿ, ಎಲ್ಲಿ ಕೂರಿಸಲಿ? ದೂರದ ಗುರಿಗೆ ಮಾತ್ರ ಅದು ಬೇಕಂತೆ, ಹೌದೆ?

ಉತ್ತರ: ದೂರಕ್ಕಿಂತ ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದು ಮುಖ್ಯ. 50 ಮೀಟರಿನಲ್ಲಿ ಏರ್ ರೈಫಲ್‌ನ ಪೆಲೆಟ್ಟೂ ಸಾಕಷ್ಟು ಇಳಿಯುತ್ತದೆ. ಈ ಇಳಿತಕ್ಕೆ ತಕ್ಕಂತೆ ಗುರಿ ಏರಿಸುವ ಸ್ಕೋಪಿನ ತಿರುಗುಬಿರಟೆಯಾದ ಟರೆಟ್‌ನಲ್ಲಿ 10 ಮಿಲ್ (ಒಂದು ಮಿಲ್ ಎಂದರೆ 1000 ಮೀಟರಿಗೆ 1 ಮೀಟರಿನಷ್ಟು ಕೋನ) ಏರಿಸಿ ರೈಫಲನ್ನು 3 ಡಿಗ್ರಿ ವಾಲಿಸಿದರೆ ಏಟು ವಾಲಿದ ಕಡೆಗೇ ಸುಮಾರು ಅರ್ಧ ಮಿಲ್ ಸರಿಯುತ್ತದೆ. 900 ಮೀಟರಿನಲ್ಲಿ ಅದು 47 ಸೆಂ.ಮೀ.! ಎಷ್ಟೋ ಮಂದಿ ಇದನ್ನೇ ಗಾಳಿಯ ತಪ್ಪೆಂದುಕೊಳ್ಳುತ್ತಾರೆ.

ಟ್ಯೂಬನ್ನು ಸುತ್ತ ಹಿಡಿಯುವ 30 ಮಿ.ಮೀ.ನ ಲೋಹದ ಬಳೆಯದ್ದನ್ನೇ ಕೊಳ್ಳಿ. ರೈಲಿಗೆ (ರೈಫಲ್ ಮೇಲೆ ಸ್ಕೋಪ್ ಕೂರಿಸುವ ಪಟ್ಟಿಗೆ) ಸಿಕ್ಕಿಸುವಂಥದ್ದು ರೈಲಿನ ಮಟ್ಟ ತೋರಿಸುತ್ತದೆ, ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳಾದ ರೆಟಿಕಲ್‌ನದ್ದಲ್ಲ. ಬಲಗೈಯವರಾದರೆ ಟರೆಟ್‌ಗೂ ಜೂಮ್ ಬಳೆಗೂ ನಡುವೆ ಕೂರಿಸಿ. ತಲೆ ಎತ್ತದೆ ಎಡಗಣ್ಣಿಗೆ ಗುಳ್ಳೆ ಕಾಣಬೇಕು. ಬೋಲ್ಟ್ ಹಿಡಿ (ಗುಂಡು ತುಂಬಲು ಎಳೆಯುವ ಹಿಡಿ) ಅದಕ್ಕೆ ತಾಗದಿರಲಿ. ಕಣ್ಣಿಗೆ ತೀರಾ ಹತ್ತಿರವಾದರೆ ಗುಳ್ಳೆ ಮಸುಕಾಗುತ್ತದೆ, ಆಗ ಟರೆಟ್‌ನ ಮುಂದಕ್ಕೆ ಒಯ್ಯಿರಿ.

ಜೋಡಿಸುವ ಮೊದಲು ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಿ. ಗಾಳಿಯಿಲ್ಲದ ಕಡೆ, 25 ಮೀಟರ್ ದೂರದಲ್ಲಿ ಬಿಳಿ ದಾರಕ್ಕೆ ಭಾರವಾದ ವಸ್ತು ಕಟ್ಟಿ ತೂಗುಬಿಡಿ. ರೆಟಿಕಲ್‌ನ ನಿಲುಗೆರೆ ದಾರದ ಮೇಲೆ ಪೂರ್ತಿ ಕೂತಾಗ ಗುಳ್ಳೆಯನ್ನು ನಡುವಿಗೆ ತನ್ನಿ. ಸ್ಕ್ರೂಗಳನ್ನು ಒಂದಾದ ಮೇಲೊಂದು, ಕಾಲು ಸುತ್ತಿನಂತೆ ಬಿಗಿಮಾಡಿ. ಬಿಗಿಯುವಾಗ ಬಳೆ ತಿರುಗುವುದೇ ಹೆಚ್ಚು, ಹಾಗಾಗಿ ದಾರವನ್ನು ಮತ್ತೆ ನೋಡಿ. ಅತಿ ಬಿಗಿದರೆ ಟ್ಯೂಬು ನಗ್ಗುತ್ತದೆ. ಕೊನೆಗೆ ಟರೆಟ್ಟನ್ನು 10 ಮಿಲ್ ತಿರುಗಿಸಿ: ರೆಟಿಕಲ್‌ನ ನಡುಬಿಂದು ದಾರದಿಂದ ಪಕ್ಕಕ್ಕೆ ಜಾರಿದರೆ ದೋಷ ಸ್ಕೋಪಿನ ಒಳಗಿದೆ, ರಸಮಟ್ಟ ಅದನ್ನು ಸರಿಪಡಿಸದು.