ಹಡಗಲ್ಲೇ ಬಂದ್ರು ಸಾರ್

ಓದುಗರೊಬ್ರು ಬರೆದಿದಾರೆ: "ಹೊಕ್ಕೈಡೊ ಖಾಲಿ ಬಿದ್ದಿದ್ದ ಹಿಮದ ನಾಡು, ಜಪಾನಿನವರೇ ಹೋಗಿ ಉತ್ತು ಬಿತ್ತಿದ್ರು, ಅದನ್ನ ವಸಾಹತು ಅಂತ ಯಾಕ್ ಬರೀತೀರಿ? ವಸಾಹತು ಅಂದ್ರೆ ಬ್ರಿಟಿಷರ ಥರ ಹಡಗಲ್ಲಿ ಬರ್ಬೇಕಲ್ವಾ?"

ಹಡಗಲ್ಲೇ ಬಂದ್ರು ಸಾರ್, ಹೊಕ್ಕೈಡೊ ಜಪಾನಿನ ಉತ್ತರದ ದ್ವೀಪ, ಅದಕ್ಕೂ ಜಪಾನಿನ ಮುಖ್ಯ ದ್ವೀಪಕ್ಕೂ ಮಧ್ಯ ತ್ಸುಗಾರು ಜಲಸಂಧಿ ಇದೆ.

ಇನ್ನು ಖಾಲಿ ಅನ್ನೋ ಮಾತು. ಅಲ್ಲಿ ಉತ್ತರದ ತುದೀಲಿ ವಕ್ಕನೈ ಅಂತ ಊರಿದೆ, ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಭಾಷೇಲಿ ವಕ್ಕ ಅಂದ್ರೆ ನೀರು, ನಾಯ್ ಅಂದ್ರೆ ಹಳ್ಳ, ಪೂರ್ತಿ ಹೆಸರು ತಣ್ಣೀರಿನ ಹಳ್ಳ ಅಂತ, ನಮ್ಮ ಹಾಸನದ ತಣ್ಣೀರುಹಳ್ಳ ಇದ್ಯಲ್ಲ ಹಾಗೇ. ಜನಾನೇ ಇಲ್ದಿದ್ರೆ ಹಳ್ಳಹಳ್ಳಕ್ಕೂ ಹೆಸರಿಟ್ಟೋರ್ಯಾರು?

1869ರಲ್ಲಿ ಜಪಾನಿನ ಮೇಜಿ ಚಕ್ರವರ್ತಿಯ ಸರ್ಕಾರ ಆ ದ್ವೀಪಕ್ಕೆ ಹೊಕ್ಕೈಡೊ ಅಂತ ಹೊಸ ಹೆಸರಿಟ್ತು, ಆಮೇಲೆ ಐನು ಜನ ತಲೆತಲಾಂತರದಿಂದ ಬೇಟೆ ಆಡ್ತಿದ್ದ ಕಾಡು, ಹೊಳೆ ದಂಡೆ ಎಲ್ಲಾ ಸರ್ಕಾರದ್ದು ಅಂದ್ಬಿಟ್ರು, ರಷ್ಯಾ ಭಯ ಒಂದ್ಕಡೆ, ಕೆಲಸ ಕಳ್ಕೊಂಡ ಸಮುರಾಯ್ ಯೋಧರು ಇನ್ನೊಂದ್ಕಡೆ, ಹಂಗಾಗಿ 1875ರಿಂದ ಸೈನಿಕ-ರೈತರನ್ನ ತಂದು ಕೂರಿಸಿದ್ರು. ಲೆಕ್ಕ ನೋಡಿ: 1897ರ ಕಾನೂನಲ್ಲಿ ಹೊರಗಿಂದ ಬಂದೋನಿಗೆ ಬೇಸಾಯಕ್ಕೆ 15 ಲಕ್ಷ ತ್ಸುಬೊವರೆಗೂ ಜಮೀನು, ಅಂದ್ರೆ ಹತ್ತತ್ರ 500 ಹೆಕ್ಟೇರ್. ಎರಡೇ ವರ್ಷ ಬಿಟ್ಟು ಐನು "ರಕ್ಷಣೆ"ಗೆ ಅಂತ ಕಾನೂನು ಬಂತು, ಅದ್ರಲ್ಲಿ ಒಂದು ಮನೆಗೆ ಹೆಚ್ಚಂದ್ರೆ 5 ಹೆಕ್ಟೇರ್, ಅದೂ 15 ವರ್ಷದೊಳಗೆ ಉಳಲಿಲ್ಲ ಅಂದ್ರೆ ವಾಪಸ್. ಮೀನು ಹಿಡ್ಕೊಂಡು ಬದುಕ್ತಿದ್ದೋರಿಗೆ ನೇಗಿಲು ಕೊಟ್ಟು ಪರೀಕ್ಷೆ!

ಆ ಕಾನೂನಿನ ಹೆಸರಲ್ಲೇ ಅವರನ್ನ "ಮಾಜಿ ಮೂಲನಿವಾಸಿ" ಅಂತ ಕರೆದಿದ್ರು. ಇದ್ದಲ್ಲೇ ಇರೋನು ಮಾಜಿ ಹೆಂಗಾಗ್ತಾನೆ ಅಂತ ಯಾರೂ ಕೇಳ್ಲಿಲ್ಲ, 1997ರವರೆಗೂ ಆ ಕಾನೂನು ಹಾಗೇ ಇತ್ತು. ಶಾಲೇಲಿ ಜಪಾನಿ ಭಾಷೆ, ದಾಖಲೇಲಿ ಜಪಾನಿ ಹೆಸರು, ಎಷ್ಟೋ ಜನ ತಾವು ಐನು ಅನ್ನೋದನ್ನ ಮಕ್ಕಳಿಗೂ ಹೇಳ್ದೆ ಮುಚ್ಚಿಟ್ಕೊಂಡು ಬದುಕಿದ್ರು. (ಹೋದ ಸಂಚಿಕೆ ಫೋಟೋ ಕೆಳಗೆ "ಇಲ್ಲಿ ಐನು ಜನ ಇದ್ದರು" ಅಂತ ಹಾಕಿದ್ವಲ್ಲ, ಅದು ನಮ್ಮದೇ ತಪ್ಪು, ಈಗ್ಲೂ ಇದಾರೆ.)

ಸಾಲ್ಮನ್‌ಗೆ ಅವರು ಕಮುಯ್ ಚೆಪ್ ಅಂತಾರೆ, ದೇವರ ಮೀನು. ಅದನ್ನ ಹೊಳೇಲಿ ಹಿಡಿಯೋದೇ ಕಳ್ಳತನ ಆಗೋಯ್ತು. 1994ರಲ್ಲಿ ಜಪಾನ್ ಪಾರ್ಲಿಮೆಂಟಿಗೆ ಹೋದ ಮೊದಲ ಐನು ಸದಸ್ಯ ಕಯಾನೊ ಶಿಗೆರು ಚಿಕ್ಕೋರಿದ್ದಾಗ ಅವರಪ್ಪನ್ನ ಪೊಲೀಸರು ಹಿಡ್ಕೊಂಡ್ ಹೋಗಿದ್ದು ಇದೇ ಮೀನಿಗೆ. 2019ರ ಕಾಯ್ದೆ ಅವರು ಮೂಲನಿವಾಸಿಗಳೇ ಅಂತ ಒಪ್ಕೊಂಡಿದೆ, ಸರಿ. ಆದ್ರೆ ಹೊಳೆ ಬಾಯಲ್ಲಿ ಸಾಲ್ಮನ್ ಹಿಡಿಯೋದು ನಮ್ಮ ಹಕ್ಕು ಅಂತ ಹೊಕ್ಕೈಡೊದ ಉರಹೊರೊ ಊರಿನ ಕಡೆ ಐನು ಗುಂಪು ಹಾಕಿದ್ದ ಕೇಸನ್ನ 2024ರಲ್ಲಿ ಸಪ್ಪೊರೊ ಕೋರ್ಟು ವಜಾ ಮಾಡ್ತು.

– ಸಂ.