ಒಂದು ಕ್ಷಿಪಣಿಗೆ ನಾಲ್ಕು ಬಾಣ

ಪ್ರಶ್ನೆ: ಅಮೆರಿಕದಲ್ಲಿ 44 ಪ್ರತಿಬಂಧಕ ಕ್ಷಿಪಣಿಗಳಿವೆಯಂತೆ. ಅಂದರೆ 44 ಖಂಡಾಂತರ ಕ್ಷಿಪಣಿಗಳನ್ನು ತಡೆಯಬಹುದೇ?
— ಓದುಗರು, ದಾವಣಗೆರೆ

ಉತ್ತರ: ಹತ್ತು ಹನ್ನೊಂದು ಎನ್ನಿ. ಅಲಾಸ್ಕಾದ ಫೋರ್ಟ್ ಗ್ರೀಲಿಯಲ್ಲಿ 40, ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಲ್ಲಿ 4 ಸೈಲೊಗಳಲ್ಲಿ, ಅಂದರೆ ನೆಲದೊಳಗಿನ ಉಡಾವಣಾ ಬಾವಿಗಳಲ್ಲಿ, ನಿಂತಿವೆ. ಪರೀಕ್ಷೆಗಳಲ್ಲಿ ಗುರಿ ಮುಟ್ಟಿದ್ದು ಅರ್ಧಕ್ಕಿಂತ ತುಸು ಹೆಚ್ಚು ಸಲ. ಒಂದರ ಯಶಸ್ಸು ಶೇ. 55 ಎಂದಿಟ್ಟುಕೊಂಡರೆ, ನಾಲ್ಕು ಹಾರಿಸಿದಾಗ ನಾಲ್ಕೂ ತಪ್ಪುವ ಸಾಧ್ಯತೆ 0.45 × 0.45 × 0.45 × 0.45, ಅಂದರೆ ಸುಮಾರು ಶೇ. 4. ಹೀಗಾಗಿ ಬರುವ ಒಂದೊಂದಕ್ಕೂ ನಾಲ್ಕು ಹಾರಿಸುವುದು ಸಾಮಾನ್ಯ ಲೆಕ್ಕ.

ಈ ಶೇ. 96ರ ಭರವಸೆ ನಾಲ್ಕೂ ಬೇರೆ ಬೇರೆ ಕಾರಣಕ್ಕೆ ತಪ್ಪಿದರೆ ಮಾತ್ರ ಸರಿ. 2010ರ ಡಿಸೆಂಬರ್ ಪರೀಕ್ಷೆ ಸೋತದ್ದು ಸಿಡಿತಲೆಗೆ ಡಿಕ್ಕಿ ಹೊಡೆಯಬೇಕಾದ ಭಾಗದ ಮಾರ್ಗದರ್ಶಿ ಉಪಕರಣ ಕಂಪನಕ್ಕೆ ತಪ್ಪು ಓದಿದ್ದರಿಂದ. ಅದೇ ಮಾದರಿಯವು ಆಗಲೇ ಸೈಲೊಗಳಲ್ಲಿದ್ದವು! ಒಂದೇ ದೋಷವಿರುವ ನಾಲ್ಕನ್ನು ಹಾರಿಸಿದರೆ ನಾಲ್ಕೂ ತಪ್ಪುತ್ತವೆ. ಸರಿಪಡಿಸಿದ್ದು 2014ರ ಜೂನ್‌ನಲ್ಲಿ ಗುರಿ ಮುಟ್ಟಿತು. ಆ ಭಾಗವನ್ನೇ ಹೊಸದಾಗಿ ಕಟ್ಟುವ ಯೋಜನೆಯನ್ನು ನೂರು ಕೋಟಿ ಡಾಲರ್‌ಗೂ ಮಿಕ್ಕಿ ಸುರಿದ ಮೇಲೆ 2019ರಲ್ಲಿ ಕೈಬಿಟ್ಟರು. ಪರೀಕ್ಷೆ ಮುಗಿಯುವ ಮುನ್ನವೇ ನೆಲೆಗೊಳಿಸುವ ನೀತಿಯ ಬೆಲೆ ಇದು.

ಪ್ರಶ್ನೆ: ಟ್ರಂಪ್ ಅವರ ‘ಗೋಲ್ಡನ್ ಡೋಮ್’ ಕ್ಷಿಪಣಿ ತಡೆ ಯೋಜನೆ ಇದಕ್ಕೆ ಪರಿಹಾರವೇ?
— ಓದುಗರು, ಧಾರವಾಡ

ಉತ್ತರ: 2025ರ ಮೇನಲ್ಲಿ ಅವರು ಹೇಳಿದ ವೆಚ್ಚ 17,500 ಕೋಟಿ ಡಾಲರ್. ಅದೇ ತಿಂಗಳು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಕೊಟ್ಟ ಅಂದಾಜು ನೋಡಿ: ಒಂದೆರಡು ಕ್ಷಿಪಣಿಗಳನ್ನು ಅಂತರಿಕ್ಷದಿಂದ ಹೊಡೆಯುವ ಉಪಗ್ರಹ ಜಾಲವೊಂದಕ್ಕೇ 20 ವರ್ಷಗಳಲ್ಲಿ 16,100ರಿಂದ 54,200 ಕೋಟಿ ಡಾಲರ್. ಕಾರಣ ಸರಳ. ಖಂಡಾಂತರ ಕ್ಷಿಪಣಿಯ ಎಂಜಿನ್ ಉರಿಯುವುದು ಮೂರರಿಂದ ಐದು ನಿಮಿಷ; ಅಷ್ಟರೊಳಗೇ ಅದನ್ನು ಹೊಡೆಯಬೇಕು. ಕೆಳಕಕ್ಷೆಯ ಉಪಗ್ರಹ ಸೆಕೆಂಡಿಗೆ ಏಳು ಕಿ.ಮೀ. ಮೀರಿ ಓಡುತ್ತಿರುತ್ತದೆ, ಬೇಕಾದ ಕ್ಷಣದಲ್ಲಿ ಒಂದಾದರೂ ತಲೆಯ ಮೇಲಿರಬೇಕೆಂದರೆ ನೂರಾರು ಬೇಕು. ಅವೂ ಗಾಳಿಯ ತಡೆಗೆ ಐದು ವರ್ಷದಲ್ಲಿ ಕೆಳಗಿಳಿಯುತ್ತವೆ. ಮತ್ತೆ ಕಳಿಸಬೇಕು.

ಹಳೆಯ ಉದಾಹರಣೆಯೂ ಇದೆ. ಉತ್ತರ ಡಕೋಟಾದಲ್ಲಿ ನೂರು ಪ್ರತಿಬಂಧಕಗಳ ‘ಸೇಫ್‌ಗಾರ್ಡ್’ 1975ರ ಅಕ್ಟೋಬರ್ 1ರಂದು ಪೂರ್ಣ ಸಜ್ಜಾಯಿತು; ಮರುದಿನವೇ ಪ್ರತಿನಿಧಿ ಸಭೆ ಮುಚ್ಚಲು ಮತ ಹಾಕಿತು. ಒಂದೇ ಕ್ಷಿಪಣಿಯಲ್ಲಿ ಹಲವು ಸಿಡಿತಲೆ ಹೊತ್ತು ತರುವ ಸೋವಿಯತ್ ಪಡೆಯ ಮುಂದೆ ನೂರು ಯಾವ ಲೆಕ್ಕ?

ಪ್ರಶ್ನೆ: ನಮ್ಮಲ್ಲಿ ಎಸ್-400 ಇರುವಾಗ ಡಿಆರ್‌ಡಿಒ ಬೇರೆ ವ್ಯವಸ್ಥೆ ಕಟ್ಟುವುದೇಕೆ?
— ಓದುಗರು, ಉಡುಪಿ

ಉತ್ತರ: ಎರಡರ ಕೆಲಸ ಬೇರೆ. 2018ರಲ್ಲಿ ರಷ್ಯಾದೊಂದಿಗೆ 543 ಕೋಟಿ ಡಾಲರ್‌ಗೆ ಒಪ್ಪಂದವಾದ ಐದು ಎಸ್-400 ವಾಯುರಕ್ಷಣಾ ಘಟಕಗಳು ಮುಖ್ಯವಾಗಿ ವಿಮಾನ, ಕ್ರೂಸ್ ಕ್ಷಿಪಣಿ, ಕಡಿಮೆ ದೂರದ ಕ್ಷಿಪಣಿಗಳಿಗೆ. ಡಿಆರ್‌ಡಿಒ ವ್ಯವಸ್ಥೆಯ ಮೊದಲ ಹಂತ 2,000 ಕಿ.ಮೀ. ವ್ಯಾಪ್ತಿಯ, ಎರಡನೇ ಹಂತ 5,000 ಕಿ.ಮೀ. ವ್ಯಾಪ್ತಿಯ ಕ್ಷಿಪಣಿಗಳಿಗೆ. 2024ರ ಜುಲೈ 24ರ ಪರೀಕ್ಷೆಯಲ್ಲಿ ಒಡಿಶಾದ ಧಾಮ್ರಾದಿಂದ ಗುರಿ ಕ್ಷಿಪಣಿ 4.20ಕ್ಕೆ ಹೊರಟಿತು, ಚಾಂದಿಪುರದಿಂದ ಪ್ರತಿಬಂಧಕ 4.24ಕ್ಕೆ. ಆ ನಾಲ್ಕು ನಿಮಿಷ ರೇಡಾರ್ ಮತ್ತು ಕಂಪ್ಯೂಟರ್‌ನದು. ದೂರದಿಂದಲೇ ಗುರುತಿಸುವ ‘ಸ್ವೋರ್ಡ್‌ಫಿಶ್’ ರೇಡಾರ್‌ ಹಿಂದೆ ಇಸ್ರೇಲಿನ ನೆರವಿನ ಜೊತೆ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದ ದುಡಿಮೆಯೂ ಇದೆ.

ಖರ್ಚೆಷ್ಟು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಅಮೆರಿಕದ ಬಜೆಟ್ ದಾಖಲೆಯಲ್ಲಿ ಯಾವ ಪ್ರತಿಬಂಧಕ ಎಷ್ಟು, ಬೆಲೆ ಎಷ್ಟು ಎಂದು ಸಾಲುಸಾಲಾಗಿ ಸಿಗುತ್ತದೆ. ನಮ್ಮಲ್ಲಿ 2025-26ರಲ್ಲಿ ಡಿಆರ್‌ಡಿಒಗೆ 26,816 ಕೋಟಿ ರೂಪಾಯಿ ಎಂಬ ಒಟ್ಟು ಮೊತ್ತ ಕಾಣುತ್ತದೆ. ಈ ಯೋಜನೆಯ ಪಾಲು ಅದರೊಳಗೇ ಸೇರಿಹೋಗಿದೆ. 2025ರ ಆಗಸ್ಟ್ 15ರಂದು ಘೋಷಿಸಿದ, 2035ರೊಳಗೆ ಮುಗಿಯಬೇಕಾದ ‘ಸುದರ್ಶನ ಚಕ್ರ’ ರಕ್ಷಣಾ ಕವಚ ಯೋಜನೆಗಾದರೂ ಬೇರೆ ಲೆಕ್ಕ ಇಟ್ಟರೆ ಒಳ್ಳೆಯದು.